ಗಂಗಿಯ ಒಂದು ಕಿವಿ

ಆಳಂದದ ನಸ್ರೀನ ಯಾರ ಮನೆಗೆ ಫೋಟೊ ತೆಗೆಯಲು ಹೋದರೂ ಮೊದಲು ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ. ಅಂಗಳದಲ್ಲಿ ನೆಲಕ್ಕೆ ಕೂತು ಚಹಾ ಕುಡಿಯುತ್ತಾಳೆ. ಮನೆಯ ನಾಯಿ, ಬೆಕ್ಕು, ಎಮ್ಮೆಕರು ಬಂದು ಚೀಲ ಮೂಸಿದ ಮೇಲೆಯೇ ಕೆಲಸ. ತಂದೆ ಯಾಕೂಬಸಾಬರು ಜೀವನವಿಡೀ ಅರ್ಜಿಗೆ ಅಂಟಿಸುವ ಫೋಟೊಗಳನ್ನೇ ತೆಗೆದವರು. “ನಾ ನಗಬ್ಯಾಡ್ರಿ ಅಂತಿದ್ದೆ, ನೀ ನಗ್ರಿ ಅಂತಿ. ಧಂಧೇನ ಉಲ್ಟಾ ಆತು” ಎಂದು ಕೆಣಕುತ್ತಾರೆ. ತನ್ನ ಮೂರು ವರ್ಷದ ಮಗಳು ಇರಮಳನ್ನು ಅವರ ಮಡಿಲಿಗೆ ಹಾಕಿಯೇ ಅವಳು ಸ್ಕೂಟಿ ಹತ್ತುವುದು.

ಕಳೆದ ಚಳಿಗಾಲದಲ್ಲಿ ನರೋಣಾದ ಅನುಜಾ ಅವಳನ್ನು ಕರೆಸಿದಳು. ಅಜ್ಜಿ ಕಾಶಿಬಾಯಿಗೆ ಎಂಟು ದಿನದಲ್ಲಿ ಸೋಲಾಪುರದಲ್ಲಿ ಹೃದಯದ ಆಪರೇಷನ್. ಅದಕ್ಕೆ ಮೊದಲು ಅಜ್ಜಿ, ತಾಯಿ ಗುರುಬಾಯಿ ಮತ್ತು ತಾನು ಕೂಡಿದ ಒಂದು ಫೋಟೊ ಬೇಕೆಂದು ಅವಳ ಆಸೆ. ಮನೆಯಲ್ಲಿ ಇದ್ದವರೇ ಆ ಮೂವರು. ತೊಡಕಾದದ್ದೂ ಅದೇ.

“ಮೂರು ಮಂದಿ ಕೂಡಿ ಫೋಟೋದಾಗ ಕುಂದ್ರಬಾರದವ್ವಾ. ನಡುವಿನವ್ರು ಉಳಿಯಂಗಿಲ್ಲ” ಎಂದಳು ಕಾಶಿಬಾಯಿ. “ಆಪರೇಷನ್ ಮುಂದಿಟಗೊಂಡು ನಾ ನಡುವ ಕುಂದರಲೇನು?”

“ಬಾಜೂ ಮನಿಯವರನ್ನ ಕರೀಲೇನ್ರಿ ಆಯಿ?” ಎಂದು ನಸ್ರೀನ ಕೇಳಿದಳು.

“ಕರದ್ರ ಲೆಕ್ಕಕ್ಕ ಬರಂಗಿಲ್ಲ. ಮನೀ ಜೀವಾನ ಆಗಬೇಕು.”

ಅಷ್ಟರಲ್ಲಿ ಮನೆಯ ಆಡು ಗಂಗಿ ಬಂದು ಕ್ಯಾಮೆರಾ ಚೀಲದ ಪಟ್ಟಿ ಅಗಿಯತೊಡಗಿತು.

“ಇಕಿ ಮನೀ ಜೀವ ಹೌದಲ್ರಿ?” ಎಂದಳು ನಸ್ರೀನ.

ಮುದುಕಿ ಯೋಚಿಸಿದಳು. “ಹೌದು ಬಿಡು. ಸೊಸಿಗಿಂತ ಹೆಚ್ಚು ಮಾತು ಕೇಳ್ತಾಳ.”

“ನನಗ ಬಾಯಿ ಐತಿ ಅತ್ತಿ, ಅಕೀಗಿ ಬರೇ ಹಲ್ಲು” ಎಂದಳು ಗುರುಬಾಯಿ.

ಗಂಗಿ ನಿಂತಲ್ಲಿ ನಿಲ್ಲಲಿಲ್ಲ. ನಲವತ್ತು ಸಲ ತೆಗೆದರೂ ಮೂವರೂ ಮನಸಾರೆ ನಕ್ಕದ್ದು ಒಂದರಲ್ಲೇ. ನಸ್ರೀನ ಅದನ್ನೇ ಆರಿಸಿ, ಫ್ರೇಮಿನ ಅಳತೆಗೆ ಅಂಚು ಕತ್ತರಿಸಿ, ಫ್ರೇಮು ಹಾಕಿಸಿ ಕಳಿಸಿದಳು.

ಸೋಲಾಪುರಕ್ಕೆ ಹೊರಡುವ ಹಿಂದಿನ ದಿನ ಅನುಜಾಳ ಫೋನ್ ಬಂತು. “ಅಕ್ಕಾರ, ಆಯಿ ಫೋಟೋದಾಗ ಎಣಿಸಿದ್ಲು. ಮೂರೇ ಮಂದಿ ಅದೇವಿ. ಕಟ್ಟಿದ ಅರಿವಿ ಗಂಟು ಬಿಚ್ಚಿ ಕುಂತಾಳ್ರಿ. ದವಾಖಾನಿಗಿ ಬರಂಗಿಲ್ಲ ಅನ್ನಾಕತ್ತಾಳ.”

ಬೇರೆ ಫೋಟೊದಿಂದ ಗಂಗಿಯನ್ನು ಎತ್ತಿ ಇದರಲ್ಲಿ ಕೂರಿಸುವುದು ಅರ್ಧ ಗಂಟೆಯ ಕೆಲಸ. ಕಂಪ್ಯೂಟರಿನ ಮುಂದೆ ಕೂತ ನಸ್ರೀನ ಕೈ ಹಿಂದೆಗೆದಳು. ಗಂಗಿ ಪಕ್ಕದಲ್ಲಿದ್ದಾಳೆ ಎಂದು ನಂಬಿ ತಾನೇ ಆ ಮುದುಕಿ ನಡುವೆ ಕೂತದ್ದು? ಜೀವ ಪಣಕ್ಕಿಟ್ಟವಳಿಗೆ ಅಂಟಿಸಿದ ಆಡು ಕೊಡಲು ಮನಸ್ಸು ಬರಲಿಲ್ಲ.

ಕತ್ತರಿಸದ ಮೂಲ ಫೋಟೊ ತೆರೆದಳು. ಎಡದ ಅಂಚಿನಲ್ಲಿ, ಗುರುಬಾಯಿಯ ಮೊಣಕಾಲಿನ ಪಕ್ಕ, ಒಂದು ಉದ್ದ ಕಿವಿ, ಅದರ ಕೆಳಗೆ ಸೆರಗಿನ ತುದಿ ಕಚ್ಚಿದ ಬಾಯಿ. ಮೂವರೂ ನಕ್ಕದ್ದು ಅದಕ್ಕೇ. ಆ ನಗುವಿನ ಕಾರಣವನ್ನೇ ತಾನು ಕತ್ತರಿಸಿ ಹಾಕಿದ್ದಳು.

ಅಂಚು ಮುಟ್ಟದೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಧ್ಯಾಹ್ನದೊಳಗೆ ನರೋಣಾ ಮುಟ್ಟಿದಳು. “ಕತ್ತರಿಸಿದ್ದು ನನ್ನ ತಪ್ಪರಿ ಆಯಿ” ಎಂದು ಮುಂದಿಟ್ಟಳು.

ಕಾಶಿಬಾಯಿ ಬೆರಳಿಟ್ಟು ಎಣಿಸಿದಳು. “ಇದು ಬರೇ ಕಿವಿ.”

“ಕಿವಿ ಹಿಂದ ಗಂಗಿ ಇದ್ದಾಳ್ರಿ. ನಿಮ್ಮ ಸೊಸಿ ಸೆರಗಿಗಿ ಕೇಳ್ರಿ.”

ಗುರುಬಾಯಿ ಒಳಗೆ ಹೋಗಿ ಆ ಸೀರೆ ತಂದಳು. ಸೆರಗಿನ ತುದಿಯಲ್ಲಿ ಅಗಿದ ತೂತು. ಮುದುಕಿ ಅದರೊಳಗೆ ಬೆರಳು ತೂರಿಸಿ ನೋಡಿದಳು. ಮತ್ತೆ ಫೋಟೊ ನೋಡಿದಳು.

“ನಾಕು” ಎಂದಳು. “ಅನುಜಾ, ಆ ಗಂಟು ಕಟ್ಟು.”

ಹದಿನೈದು ದಿನ ನಸ್ರೀನ ಫೋನ್ ಸದ್ದಾದಾಗಲೆಲ್ಲ ಬೆಚ್ಚಿದಳು. ಹದಿನಾರನೆಯ ದಿನ ಇರಮಳಿಗೆ ಊಟ ಮಾಡಿಸುತ್ತಿದ್ದಾಗ ಬಂದದ್ದು ಕಾಶಿಬಾಯಿಯದೇ ದನಿ, ಸಣ್ಣಗೆ, ಆದರೆ ಗಟ್ಟಿಯಾಗಿ:

“ಬೇ ನಸ್ರೀನಾ, ಮನೀಗಿ ಬಂದೇನಿ. ನೀ ಬಂದು ಗಂಗೀದು ಪೂರಾ ಫೋಟೋ ತೆಗಿ. ಬರೇ ಕಿವಿ ಬಂದೈತಂತ ಸಿಟ್ಟಾಗ್ಯಾಳ.”

ನಸ್ರೀನಳಿಗೆ ನಗುವೂ ಕಣ್ಣೀರೂ ಒಟ್ಟಿಗೇ ಬಂದವು. ತುತ್ತು ಹಿಡಿದ ಕೈ ಹಾಗೇ ನಿಂತಿತು. ಇರಮ ಬಾಯಿ ತೆರೆದುಕೊಂಡು ಕಾಯುತ್ತಲೇ ಇದ್ದಳು.