ಗುಟ್ಕಾ ಮುಟ್ಟದವನ ಕುತ್ತಿಗೆಯ ಗಂಟು

ಈ ಒಂದು ಕೇಸಿಗಾಗಿ ನಾನು ಸಿರುಗುಪ್ಪದ ಗುರುವಾರಗಳನ್ನು ಕಳೆದುಕೊಂಡೆ. ವಾರಕ್ಕೊಮ್ಮೆ ಬಳ್ಳಾರಿಯಿಂದ ಹೋಗಿ ಕೂರುತ್ತಿದ್ದ ಕೋಣೆ, ಅಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡ ಪ್ರಾಕ್ಟೀಸು, ಎರಡೂ ಹೋದವು. ಕಾರಣ ಇಷ್ಟೇ: ಕೋಣೆಯ ಮಾಲೀಕ ಒಂದು ಪ್ರಶ್ನೆ ಕೇಳಿದ, ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಲೆಕ್ಕದಲ್ಲಿ ನಷ್ಟವೇ. ಆದರೂ ಮತ್ತೆ ಅದೇ ಚೌಕಾಸಿಗೆ ಕೂರಿಸಿದರೆ ಅದೇ ದರಕ್ಕೆ ಒಪ್ಪುತ್ತೇನೆ.

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಮಾತು. ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ನಮ್ಮವ್ವ ಬಳ್ಳಾರಿಯಲ್ಲಿ ತರಕಾರಿ ಮಾರಿ ನನ್ನನ್ನು ಓದಿಸಿದವಳು. ಎದುರಿಗಿದ್ದವರ ಮುಖ ನೋಡಿ ಮಾತು ತೂಗುವುದನ್ನು ನಾನು ಮೆಡಿಕಲ್ ಕಾಲೇಜಿಗಿಂತ ಮೊದಲು ಅವಳ ಪಕ್ಕದಲ್ಲೇ ಕಲಿತೆ. ನಮ್ಮ ಕಡೆ ಸಣ್ಣ ಊರಿಗೆ ಬಂದುಹೋಗುವ ಡಾಕ್ಟರಿಗೆ ಮೆಡಿಕಲ್ ಶಾಪಿನವರೇ ಹಿಂದಿನ ಕೋಣೆ ಬಿಟ್ಟುಕೊಡುತ್ತಾರೆ. ಬಾಡಿಗೆ ಕೇಳುವುದಿಲ್ಲ, ಬರೆದ ಔಷಧಿ ಅವರ ಅಂಗಡಿಯಲ್ಲೇ ಖರ್ಚಾದರೆ ಸಾಕು. ಸಿರುಗುಪ್ಪದಲ್ಲಿ ನನ್ನ ಕೋಣೆ ಮಂಜುನಾಥನ ಅಂಗಡಿಯ ಹಿಂದಿತ್ತು. ನಡುವೆ ಬಾಗಿಲಿರಲಿಲ್ಲ, ಬರೀ ಪರದೆ.

ಒಂದು ಗುರುವಾರ ಮಂಜುನಾಥ ತನ್ನ ಅಕ್ಕನ ಗಂಡ ಶರಣಪ್ಪನನ್ನು ಒಳಗೆ ಕರೆತಂದ. ಶರಣಪ್ಪ ಸಿರಿಗೇರಿಯವನು, ಐವತ್ತರ ಆಸುಪಾಸು, ಭತ್ತ ಕೊಯ್ಯುವ ಮಷಿನ್ ಓಡಿಸುವವನು. ಸುಗ್ಗಿ ಬಂದರೆ ಮಷಿನ್ ಹತ್ತಿ ತೆಲಂಗಾಣದ ಕಡೆ ಹೋದವನು ತಿಂಗಳುಗಟ್ಟಲೆ ಮನೆ ಕಾಣುತ್ತಿರಲಿಲ್ಲ.

"ಮೇಡಂ, ಇವ್ರು ನಮ್ ಬಾವ. ಬೀಡಿ ಇಲ್ಲ, ಗುಟ್ಕಾ ಇಲ್ಲ, ಎಲಿ ಸುದ್ದಾ ಹಾಕಂಗಿಲ್ಲ. ಕುತ್ತಿಗ್ಯಾಗ ಒಂದ್ ಸಾದಾ ಗಂಟೈತಿ. ಏನರ ಗುಳಿಗಿ ಬರದ್ ಕೊಡ್ರಿ," ಎಂದ ಮಂಜುನಾಥ.

ಗಂಟು ದವಡೆಯ ಕೆಳಗೆ, ನಿಂಬೆಹಣ್ಣಿನಷ್ಟು. ನೋವಿಲ್ಲ. ನೋವಿಲ್ಲದ್ದಕ್ಕೇ ತಿಂಗಳುಗಳು ಕಳೆದಿದ್ದವು. ಊರಲ್ಲಿ ಯಾರೋ ಲೇಪ ಹಚ್ಚಿದ್ದರು, ಇನ್ಯಾರೋ ಟಿಬಿ ಗಂಟು ಎಂದಿದ್ದರು. ಗುಟ್ಕಾ ತಿಂದರೆ ಕ್ಯಾನ್ಸರ್ ಬರುತ್ತದೆ ಎಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು, ಅದು ನಿಜವೂ ಹೌದು. ಆದರೆ ಆ ಮಾತನ್ನು ತಿರುಗಿಸಿ ಹಾಕಿ, ತಿನ್ನದವನಿಗೆ ಬರುವುದೇ ಇಲ್ಲ ಎಂದುಕೊಂಡುಬಿಟ್ಟಿದ್ದಾರೆ. ಮಂಜುನಾಥ ದಿನವೂ ಔಷಧಿ ಮಾರುವವನು. ಅವನ ನಂಬಿಕೆಯೂ ಅದೇ.

ಬಾಯಿ ತೆರೆಸಿ ಬೆಳಕು ಹಿಡಿದೆ. ಬಲಗಡೆಯ ಟಾನ್ಸಿಲ್ ಎಡಗಡೆಯದಕ್ಕಿಂತ ದೊಡ್ಡದಾಗಿತ್ತು, ಬೆರಳಿಗೆ ಗಟ್ಟಿ ಹತ್ತಿತು. ಗುಳಿಗೆ ಬರೆಯಲಿಲ್ಲ. ಬಳ್ಳಾರಿಗೆ ಕರೆಸಿ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದೆ, ಆಮೇಲೆ ಟಾನ್ಸಿಲ್‌ನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆ. ಕ್ಯಾನ್ಸರ್ ಎಂದು ಬಂತು. ಅದೇ ಚೂರಿನ ಮೇಲೆ ಪಿ16 ಎಂಬ ಇನ್ನೊಂದು ಪರೀಕ್ಷೆ ಕೇಳಿದೆ. ಕ್ಯಾನ್ಸರಿನ ಹಿಂದೆ ಎಚ್‌ಪಿವಿ ವೈರಸ್ ಇರುವ ಸೂಚನೆಯನ್ನು ಅದು ಕೊಡುತ್ತದೆ. ಸೂಚನೆ ಸ್ಪಷ್ಟವಾಗಿತ್ತು.

ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸೇ ಇದು. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಬಾಯಿಯ ಮೂಲಕ ನಡೆಯುವ ಸಂಪರ್ಕದಿಂದ ಗಂಟಲಿಗೂ ಬರುತ್ತದೆ. ಬಹುಪಾಲು ಜನರಲ್ಲಿ ತಾನಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಸುಮ್ಮನೆ ಕೂತು, ಎಷ್ಟೋ ವರ್ಷಗಳ ಮೇಲೆ ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಎದ್ದು ನಿಲ್ಲುತ್ತದೆ.

ರಿಪೋರ್ಟುಗಳೆಲ್ಲ ಬಂದ ಮೇಲಿನ ಗುರುವಾರ ಮಂಜುನಾಥನನ್ನು ಅಂಗಡಿಗೆ ಕಳಿಸಿ, ಶರಣಪ್ಪನೊಬ್ಬನಿಗೇ ತಗ್ಗಿದ ದನಿಯಲ್ಲಿ ಇದನ್ನೆಲ್ಲ ಹೇಳಿದೆ. "ಈ ವೈರಸ್ಸಿನಿಂದ ಬಂದದ್ದು ಚಿಕಿತ್ಸೆಗೆ ಚಲೋ ಬಗ್ಗತೈತಿ. ಆದ್ರ ರೇಡಿಯೇಶನ್ ಲಗೂನ ಶುರು ಆಗ್ಬೇಕು. ಈ ಸುಗ್ಗಿಗೆ ಮಷಿನ್ ಹತ್ತಬ್ಯಾಡ್ರಿ."

ಅವನು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. "ವರ್ಷದಾಗ ಅರ್ಧ ಹೊರಗ ಇರಾಂವ ನಾನು. ಮಂದಿ ಏನಂತಾರಂತ ನಿಮಗ ಬ್ಯಾರೆ ಹೇಳ್ಬೇಕೇನ್ರಿ?"

ಪರದೆ ಅಲ್ಲಾಡಿತು. ಆಚೆ ಮಂಜುನಾಥ ನಿಂತಿದ್ದ.

ಆ ವಾರವೇ ಮಂಜುನಾಥ ಅಕ್ಕ ಗಿರಿಜಮ್ಮನನ್ನು ಕುರುಗೋಡಿನ ತವರಿಗೆ ಕರೆದೊಯ್ದ. ಶರಣಪ್ಪ ಫೋನ್ ಎತ್ತುವುದನ್ನು ಬಿಟ್ಟ. ಸಿರಿಗೇರಿಯಿಂದ ಬಂದ ಪೇಷಂಟ್ ಒಬ್ಬರನ್ನು ಕೇಳಿದರೆ, "ಮಷಿನ್‌ಗೆ ಗ್ರೀಸ್ ಹಾಕಾಕತ್ಯಾನ್ರಿ, ಸೋಮವಾರ ಹೊಂಟಾನಂತ," ಎಂದರು. ಹೋದರೆ ಸುಗ್ಗಿ ಮುಗಿಯುವ ತನಕ ಬರುವುದಿಲ್ಲ. ಅಷ್ಟರಲ್ಲಿ ಗಂಟು ಎಲ್ಲಿಗೆ ಮುಟ್ಟಿರುತ್ತದೋ.

ಶನಿವಾರ ಮಂಜುನಾಥನೇ ಫೋನ್ ಮಾಡಿದ. "ನಾಳಿ ಕುರುಗೋಡಿಗೆ ಬರ್ರಿ ಮೇಡಂ. ಹಿರೇರ ಮುಂದ ಒಂದ್ ಮಾತ್ ಹೇಳಿ ಹೋಗ್ರಿ."

"ಬರ್ತೀನಿ. ಆದ್ರ ನಿಮ್ ಬಾವನೂ ಅಲ್ಲಿ ಇರ್ಬೇಕು. ಇಲ್ಲಂದ್ರ ನಾ ಕಾರ್ ಹತ್ತಂಗಿಲ್ಲ," ಎಂದೆ. ಅವನು ಗೊಣಗಿ ಒಪ್ಪಿದ. ಸೋಮವಾರಕ್ಕೆ ಮುಂಚೆ ಶರಣಪ್ಪನನ್ನು ಹಿಡಿಯಲು ನನಗೆ ಬೇರೆ ದಾರಿ ಇರಲಿಲ್ಲ.

ಕುರುಗೋಡಿನ ಆ ಮನೆಯ ಪಡಸಾಲೆಯಲ್ಲಿ ಮಂಜುನಾಥ, ಅವನ ತಾಯಿ, ದೊಡ್ಡಪ್ಪ ಕೂತಿದ್ದರು. ಶರಣಪ್ಪ ಬಾಗಿಲ ಪಕ್ಕ, ಎದ್ದುಹೋಗಲು ತಯಾರಾದವನ ಹಾಗೆ. ಗಿರಿಜಮ್ಮ ಅಡುಗೆಮನೆಯ ಹೊಸ್ತಿಲಲ್ಲಿ. ನಾನು ಮೊದಲು ಶರಣಪ್ಪನನ್ನು ಅಂಗಳಕ್ಕೆ ಕರೆದು, ರೋಗದ ವಿಷಯ ಇವರ ಮುಂದೆ ಮಾತಾಡಬಹುದೇ ಎಂದು ಕೇಳಿದೆ.

"ಮುಚ್ಚೋದೇನ್ ಉಳದೈತ್ರಿ, ಹೇಳ್ರಿ," ಎಂದ.

ಒಳಗೆ ಬಂದು ಕೂರುವಷ್ಟರಲ್ಲಿ ತಾಯಿ ಶುರು ಮಾಡಿದಳು. "ಗುಟ್ಕಾ ತಿಂದು ಬಂದಿದ್ರ ನಾಕ್ ಮಂದಿ ಮುಂದ ಹೇಳಾಕಾರ ಬರ್ತಿತ್ತವ್ವ. ಇದನ್ನ ಏನಂತ ಹೇಳೋಣು?"

ಮಂಜುನಾಥ ಅವಳನ್ನು ತಡೆದ. "ಮೇಡಂ, ನಮಗ ದೊಡ್ಡ ಮಾತು ಬ್ಯಾಡ. ಇವ್ರು ಹೊರಗಿಂದ ತಂದಾರೋ ಇಲ್ಲೋ? ಹೌದು, ಇಲ್ಲ, ಅಷ್ಟ ಹೇಳ್ರಿ."

ಇಲ್ಲ ಎಂದಿದ್ದರೆ ಕೋಣೆ ಉಳಿಯುತ್ತಿತ್ತು. ಆದರೆ ಅದು ನನಗೆ ಗೊತ್ತಿಲ್ಲದ ಮಾತು, ಇಲ್ಲದ ಸರಕನ್ನು ನಾನು ಮಾರುವುದಿಲ್ಲ. "ಈ ವೈರಸ್ ಲಗ್ನಕ್ಕ ಮೊದಲ ಬಂದಿರಬಹುದು, ಆಮ್ಯಾಲ ಬಂದಿರಬಹುದು. ಯಾರಿಂದ ಯಾರಿಗೆ, ಯಾವಾಗ, ಅದನ್ನ ತೋರ್ಸೋ ಪರೀಕ್ಷಾ ಲೋಕದಾಗ ಇಲ್ಲ. ಹೇಳಾಕ ಬರಂಗಿಲ್ಲ, ಮಂಜಣ್ಣ."

"ಬರಂಗಿಲ್ಲೋ, ನೀವು ಹೇಳಂಗಿಲ್ಲೋ?"

"ಎರಡೂ."

"ಹಂಗಾದ್ರ ಬರೋ ಗುರುವಾರದಿಂದ ಕೋಣಿ ನಿಮಗ ಸಿಗಂಗಿಲ್ರಿ."

ಶರಣಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. ಆಗ ಗಿರಿಜಮ್ಮ ಹೊಸ್ತಿಲು ದಾಟಿ ಬಂದು ನನ್ನೆದುರು ನಿಂತಳು.

"ನನಗೂ ಬರತೈತೇನ್ರಿ, ಮೇಡಂ?"

"ಕ್ಯಾನ್ಸರ್ ಅಂಟಂಗಿಲ್ಲವ್ವ. ತಾಟು, ಹಾಸಿಗಿ ಬ್ಯಾರೆ ಮಾಡೋದೂ ಬ್ಯಾಡ. ವೈರಸ್ಸು ಇದ್ರ ಇಷ್ಟೊತ್ತಿಗೆ ಇಬ್ಬರಿಗೂ ದಾಟಿ ಹೋಗಿರಬಹುದು. ನೀ ಗರ್ಭಕಂಠದ ತಪಾಸಣಿ ಮಾಡ್ಸಿಕೋ, ಅದು ಎಲ್ಲಾ ಹೆಂಗಸರೂ ಮಾಡ್ಸಿಕೊಳ್ಳೋದ."

"ಇವ್ರು ರೇಡಿಯೇಶನ್ ತಗೊಂಡ್ರ ಉಳೀತಾರೇನು?"

"ಈಗ ತಗೊಂಡ್ರ ಉಳಿಯೋ ಆಸೆ ಭಾಳ ಐತಿ. ಸುಗ್ಗಿ ಮುಗಿಸಿ ಬಂದ್ರ ನಾ ಇದೇ ಮಾತು ಹೇಳಂಗಿಲ್ಲ."

ಅವಳು ತಮ್ಮನ ಕಡೆ ತಿರುಗಿದಳು. "ಮಂಜಾ, ಇವ್ರ ಜೋಡಿ ನಂದು ಜಗಳಾ ಭಾಳ ಐತಿ. ಜಗಳಾ ಆಡಾಕಾರ ಮನುಷ್ಯಾ ಜೀವಂತ ಇರ್ಬೇಕಲೋ." ಆಮೇಲೆ ಗಂಡನ ಮುಂದೆ ಕೈ ಚಾಚಿದಳು. "ಮಷಿನ್ ಕೀಲಿ ಇಲ್ಲಿ ಕೊಡ್ರಿ."

ಶರಣಪ್ಪ ಜೇಬಿನಿಂದ ತೆಗೆದು ಕೊಟ್ಟ. ದೊಡ್ಡಪ್ಪ ಲೋಟವನ್ನು ನನ್ನ ಕಡೆ ಸರಿಸಿದರು. "ಚಾ ಆರಾಕತ್ತೈತಿ, ಕುಡೀರಿ," ಎಂದರು.

ಸೋಮವಾರ ಗಂಡಹೆಂಡತಿ ಬಳ್ಳಾರಿಗೆ ಬಂದರು. ರೇಡಿಯೇಶನ್ನಿನಿಂದ ಹಲ್ಲು ಕೆಡದಿರಲೆಂದು ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಆಮೇಲೆ ರೇಡಿಯೇಶನ್, ಜೊತೆಗೆ ಕೀಮೋ. ಸುಮಾರು ಏಳು ವಾರದ ಕೆಲಸ. ಗಂಟಲು ಹುಣ್ಣಾಗಿ ಗಂಜಿಯೂ ಇಳಿಯದಾದಾಗ ಶರಣಪ್ಪ ಸಾಕು ಎಂದು ಕೂತದ್ದುಂಟು. ಗಿರಿಜಮ್ಮ ಬಿಡಲಿಲ್ಲ. ಒಂದು ದಿನವೂ ತಪ್ಪದೆ ಮುಗಿಸಿದರು. ಗಂಟು ಕರಗಿತು. ಈಗಲೂ ತಪಾಸಣೆಗೆ ಬರುತ್ತಾನೆ. ರೇಡಿಯೇಶನ್ ಆದಾಗಿನಿಂದ ಬಾಯಿ ಒಣಗುತ್ತದೆಂದು ಮಷಿನ್ ಮೇಲೆ ನೀರಿನ ಬಾಟಲಿ ಇಟ್ಟುಕೊಂಡೇ ಕೊಯ್ಲಿಗೆ ಹೋಗುತ್ತಾನಂತೆ. ಅವರ ಜಗಳ ಏನಾಯಿತೆಂದು ನಾನು ಕೇಳಿಲ್ಲ. ಹೆಸರು ಬದಲಿಸಿ ಬರೆಯಲು ಇಬ್ಬರೂ ಒಪ್ಪಿದ್ದಾರೆ. ಸಿರುಗುಪ್ಪದ ಕೋಣೆಯಲ್ಲಿ ಈಗ ಮಕ್ಕಳ ಡಾಕ್ಟರು ಕೂರುತ್ತಾರೆ.

ನೀವೂ ಇದನ್ನು ಬರೀ ಕಥೆಯಾಗಿ ಓದಿ ಬಿಡಬೇಡಿ. ಕುತ್ತಿಗೆಯ ಗಂಟು ಮೂರು ವಾರವಾದರೂ ಕರಗದಿದ್ದರೆ, ನೋವಿರಲಿ ಬಿಡಲಿ, ಗುಟ್ಕಾ ತಿನ್ನುವವರಾಗಲಿ ತಿನ್ನದವರಾಗಲಿ, ಗಂಟಲಿನ ಡಾಕ್ಟರಿಗೆ ತೋರಿಸಿ. ಸೂಜಿ ಪರೀಕ್ಷೆ ಮಾಡಿಸದೆ ಟಿಬಿ ಗುಳಿಗೆ ನುಂಗಬೇಡಿ, ಲೇಪ ಹಚ್ಚಬೇಡಿ. ಒಂದೇ ಕಡೆ ಟಾನ್ಸಿಲ್ ದೊಡ್ಡದಾದರೆ, ನುಂಗುವಾಗ ಒಂದೇ ಕಡೆ ಚುಚ್ಚಿದರೆ, ಅದಕ್ಕೂ ಇದೇ ಮಾತು. ಒಂಬತ್ತರಿಂದ ಹದಿನಾಲ್ಕರೊಳಗಿನ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಈಗಾಗಲೇ ಬಂದ ಸೋಂಕನ್ನು ಅದು ತೆಗೆಯುವುದಿಲ್ಲ, ಬರುವ ಮೊದಲೇ ಹಾಕಿಸಬೇಕು. ಡಾಕ್ಟರ ಹತ್ತಿರ ಹೋಗುವಾಗ ಮನೆಮಂದಿಯನ್ನೆಲ್ಲ ಕರೆದೊಯ್ಯಿರಿ, ಬೇಡವೆನ್ನುವುದಿಲ್ಲ. ರಿಪೋರ್ಟಿನ ಮಾತು ಬಂದಾಗ ಮಾತ್ರ ಅವರನ್ನು ಹೊರಗೆ ಕೂರಿಸಿ, ಮೊದಲು ನೀವೊಬ್ಬರೇ ಕೇಳಿಸಿಕೊಳ್ಳಿ. ಮತ್ತೆ ನಿಮ್ಮ ಮನೆಯಲ್ಲೇ ಯಾರಿಗಾದರೂ ಇಂಥದ್ದು ಬಂತೆನ್ನಿ: ಎಲ್ಲಿಂದ ತಂದೆ ಎಂಬ ವಿಚಾರಣೆ ಎಷ್ಟು ತಿಂಗಳಾದರೂ ಕಾಯುತ್ತದೆ, ಗಂಟು ಕಾಯುವುದಿಲ್ಲ. ಮೊದಲು ಆಸ್ಪತ್ರೆಗೆ ಹೊರಡಿಸಿ.