ಅಪ್ಪನ ತೋಳಿನ ಸೀಲು

ಒಂದು ಕಾಲಕ್ಕೆ ಊರಿನ ಅರ್ಧ ಕಚೇರಿಗಳ ರಬ್ಬರ್ ಸೀಲು ಅವಳ ಅಪ್ಪನ ಕೈಯಿಂದಲೇ ಹೊರಟದ್ದು. ಎಂಥ ದೊಡ್ಡ ಸಾಹೇಬನ ರುಜುವಾದರೂ ಅದರ ಕೆಳಗೆ ತಾನು ಕೆತ್ತಿದ ಸೀಲು ಬೀಳದಿದ್ದರೆ ಕಾಸಿಗೂ ಪ್ರಯೋಜನವಿಲ್ಲ ಎಂದು ಅಪ್ಪ ಹೇಳುವುದನ್ನು ಕೇಳಿ ಕೇಳಿ ಮಗಳ ಕಿವಿ ತೂತಾಗಿತ್ತು. ಈಗ ಅದೇ ಅಪ್ಪ ಮನೆಯ ದಾರಿ ಮರೆಯುತ್ತಿದ್ದರು.

ಮೊದಲ ಸಲ ಪಕ್ಕದ ಬೀದಿಯಲ್ಲಿ ಸಿಕ್ಕರು. ಆಮೇಲೆ ಬಸ್ ಡಿಪೋದಲ್ಲಿ. ಕಳೆದ ಸಲ ಹೆದ್ದಾರಿಯ ಪಕ್ಕದ ಮೋರಿಕಟ್ಟೆಯ ಮೇಲೆ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿದ್ದರು. ಜೇಬಿಗೆ ಚೀಟಿ ಹಾಕಿದರೆ ಹರಿದುಬಿಡುತ್ತಾರೆ. ಕೈಗೆ ವಿಳಾಸದ ಪಟ್ಟಿ ಕಟ್ಟಿದರೆ ಕಿತ್ತು ಕಿಟಕಿಯಾಚೆ ಎಸೆಯುತ್ತಾರೆ. ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋದ ದಿನ ಒಳಗಿನಿಂದ ಬಡಿದು ಬಡಿದು ಅಪ್ಪನ ಅಂಗೈ ಬಾತುಹೋಗಿತ್ತು. ಆ ಅಂಗೈ ನೋಡಿದ ಮೇಲೆ ಅವಳಿಗೆ ಮತ್ತೆ ಬೀಗ ಹಾಕಲು ಮನಸ್ಸು ಬರಲಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವಾಗಲೂ ಅವಳ ಜೀವವೆಲ್ಲ ಫೋನಿನಲ್ಲೇ. ಇನ್ನೊಂದು ಸಲ ಹೋದರೆ ಅಪ್ಪ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಹರಿಯಲಾಗದ, ಎಸೆಯಲಾಗದ ಜಾಗದಲ್ಲಿ ತನ್ನ ಫೋನ್ ನಂಬರು ಬರೆಸಬೇಕು. ಅಂಥ ಜಾಗ ಉಳಿದಿದ್ದು ಅಪ್ಪನ ಚರ್ಮ ಒಂದೇ.

"ನಾನೇನು ಬಸ್ಸಲ್ಲಿ ಮರೆತುಬರೋ ಛತ್ರಿನಾ, ನಂಬರ್ ಬರೆಸೋಕೆ?" ಎಂದು ಅಪ್ಪ ರೇಗಿದರು.

"ಇಬ್ಬರೂ ಹಾಕಿಸ್ಕೊಳ್ಳೋಣಪ್ಪ. ನನಗೂ ಇದೇ ಮೊದಲು. ಒಬ್ಬಳೇ ಹೋಗೋಕೆ ಭಯ ಆಗತ್ತೆ."

ಭಯ ಎಂದದ್ದೇ ತಡ, ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು. ತಮ್ಮ ಪುಟ್ಟಿಗೆ ಇಂಜೆಕ್ಷನ್ ಸೂಜಿ ಕಂಡರೆ ಆಗದು ಎಂಬುದೊಂದು ಇನ್ನೂ ಅವರ ತಲೆಯಲ್ಲಿ ಉಳಿದಿತ್ತು. ತನ್ನ ನಂಬರನ್ನು ತಾನೇ ತೋಳಿನ ಮೇಲೆ ಬರೆಸಿಕೊಳ್ಳುವ ಜಾಣೆ ತಾನೊಬ್ಬಳೇ ಇರಬೇಕು ಎಂದು ದಾರಿಯುದ್ದಕ್ಕೂ ಅವಳಿಗೆ ನಗು ಬರುತ್ತಿತ್ತು. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಆದರೂ ಬರುತ್ತಿತ್ತು.

ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಸಣ್ಣ ಕೋಣೆ. ಹಚ್ಚೆ ಹಾಕುವ ಹುಡುಗಿ ಕಾಗದ, ಪೆನ್ನು ತೆಗೆದದ್ದನ್ನು ನೋಡಿ ಅಪ್ಪ ಕೈ ಚಾಚಿದರು. "ಅಂಕಿ ನಾನು ಬರೀತೀನಿ." ನಡುಗುತ್ತಿದ್ದ ಕೈ ಕಾಗದ ಮುಟ್ಟಿದ ಕೂಡಲೇ ನಿಂತಿತು. ಅವಳು ನಂಬರು ಹೇಳಿದ ಹಾಗೆ ಬಾಲ ತಿರುವಿದ, ಸೀಲಿನ ಮೇಲಿರುವಂಥ ಅಂಕಿಗಳು ಒಂದೊಂದಾಗಿ ಎದ್ದವು. ಮೊದಲು ಅವಳ ಸರದಿ. ಸೂಜಿ ಚುಚ್ಚುವಷ್ಟು ಹೊತ್ತೂ ಅಪ್ಪ ಅವಳ ಇನ್ನೊಂದು ಕೈ ಹಿಡಿದು, "ಆಯ್ತು ಪುಟ್ಟಿ, ಮುಗೀತು" ಎನ್ನುತ್ತಲೇ ಇದ್ದರು. ಎಷ್ಟೋ ತಿಂಗಳಾದ ಮೇಲೆ ಅವಳಿಗೆ ಅಪ್ಪ ಇದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಕಾರ್ಖಾನೆಯ ಮೇಲ್ವಿಚಾರಕನ ಫೋನು. ಮೆಟ್ಟಿಲ ಮೇಲೆ ನಿಂತು, ಈ ಒಂದು ದಿನ ಬಿಡಿ ಸಾರ್ ಎಂದು ಅಂಗಲಾಚಿ ಒಳಗೆ ಬರುವ ಹೊತ್ತಿಗೆ ಅಪ್ಪನ ತೋಳು ಮುಗಿದಿತ್ತು. ಅವಳು ಬಗ್ಗಿ ನೋಡಿದಳು. ಒಂದೊಂದು ಅಂಕಿಯೂ ಎಡಬಲ ತಿರುಗಿ, ನಂಬರು ಇಡೀ ಉಲ್ಟಾ.

"ಅಂಕಲ್ಲೇ ಹಾಗೆ ಬರ್ಕೊಟ್ರು ಅಕ್ಕಾ," ಎಂದಳು ಹುಡುಗಿ. "ಒಬ್ಬರದು ಸೀಲು, ಒಬ್ಬರದು ಅಚ್ಚು ಅಂತೆ. ಚೆನ್ನಾಗಿದೆಯಲ್ಲ ಅಂತ ನಾನೂ ಮತ್ತೇನೂ ಕೇಳೋಕೆ ಹೋಗ್ಲಿಲ್ಲ."

"ಇದು ಚೆಂದಕ್ಕಲ್ಲಮ್ಮ. ಕಳೆದುಹೋದಾಗ ಯಾರಾದ್ರೂ ಓದ್ಲಿ ಅಂತ."

ಹುಡುಗಿಯ ಮುಖ ಸಪ್ಪಗಾಯಿತು. ಅಪ್ಪ ಮಾತ್ರ ಮಗಳನ್ನೇ ಗದರಿದರು. "ಸೀಲು ಉಲ್ಟಾ ಇದ್ರೇನೇ ಅಚ್ಚು ನೆಟ್ಟಗೆ ಬೀಳೋದು. ನನ್ನ ಮಗಳಾಗಿ ಅಷ್ಟೂ ಗೊತ್ತಿಲ್ವಾ ನಿನಗೆ?" ಇನ್ನೊಂದು ತೋಳು ಕೊಡಿ ಎಂದು ಬೇಡಿಕೊಂಡರೆ ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಎದ್ದೇಬಿಟ್ಟರು.

ಹಚ್ಚೆಯ ಗಾಯ ಒಣಗುವ ಮೊದಲೇ ಅಪ್ಪ ಮತ್ತೆ ಹೋದರು. ಅವಳು ಸ್ನಾನ ಮಾಡಿ ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಒದ್ದೆ ಕೂದಲಲ್ಲೇ ಬೀದಿ ಬೀದಿ ಓಡಿದಳು. ಡಿಪೋದಲ್ಲಿಲ್ಲ, ಹೆದ್ದಾರಿಯಲ್ಲಿಲ್ಲ. ಹಣ್ಣಿನ ಗಾಡಿಯವನು ನೋಡಿದ್ದನಂತೆ. "ತೋಳು ತೋರಿಸಿದ್ರು. ಏನೋ ಡಿಸೈನ್ ಅಂದ್ಕೊಂಡು ಸುಮ್ನಾದೆ." ಅವಳಿಗೆ ಅವನ ಗಾಡಿಯನ್ನೇ ಮಗುಚಿಹಾಕಬೇಕು ಎನ್ನಿಸಿತು. ಓದಲು ಬರುವಂತಿದ್ದ ನಂಬರು ಅವಳ ತೋಳಿನಲ್ಲಿತ್ತು, ಯಾರಿಗೂ ಬೇಡವಾಗಿ. ಅವಳು ಫುಟ್‌ಪಾತಿನ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತಳು. ನೋಡುವವರು ನೋಡಿದರು.

ಸಂಜೆ ಫೋನು ಬಂತು. ಊರಿನ ಇನ್ನೊಂದು ತುದಿಯ ಕ್ಷೌರದಂಗಡಿಯಿಂದ.

"ಯಾರೋ ಹಿರಿಯರು ಬಂದು ಕುರ್ಚಿ ಮೇಲೆ ಕೂತ್ಬಿಟ್ರು," ಎಂದು ಕ್ಷೌರಿಕ ಅವಳನ್ನು ಒಳಗೆ ಕರೆದ. "ಬಟ್ಟೆ ಹೊದಿಸೋಣ ಅಂತ ಅಂಗಿ ತೋಳು ಮೇಲಕ್ಕೆ ಮಡಿಸಿದೆ. ಕನ್ನಡೀಲಿ ನೋಡ್ತೀನಿ, ನೆಟ್ಟಗೆ ಫೋನ್ ನಂಬರು."

ಅಪ್ಪ ನುಣ್ಣಗೆ ಬೋಳಿಸಿದ ಗಲ್ಲದೊಂದಿಗೆ ಕನ್ನಡಿಯ ಮುಂದೆ ಕೂತಿದ್ದರು. ಅವಳು ಕುರ್ಚಿಯ ಪಕ್ಕ ಮಂಡಿಯೂರಿದಳು. ಅಪ್ಪನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ, ತೋಳಿನ ಮೇಲೆ ನಿಂತಿತು. ಅದನ್ನು ಹಿಡಿದು, ತಮ್ಮ ತೋಳನ್ನು ಅದರ ಮೇಲೆ ಹದವಾಗಿ ಒತ್ತಿ, ಎತ್ತಿ, ಬೆಳಕಿಗೆ ತಿರುಗಿಸಿ ನೋಡಿದರು.

"ಚೆನ್ನಾಗಿ ಬಿದ್ದಿದೆ," ಎಂದರು. ಆಮೇಲೆ ತುಂಬ ಮರ್ಯಾದೆಯಿಂದ, "ಇದನ್ನ ಯಾರಮ್ಮ ಬರೆದುಕೊಟ್ಟಿದ್ದು ನಿಮಗೆ?"

"ನಮ್ಮಪ್ಪ."

"ಒಳ್ಳೆ ಕೈ ಅವರದು. ಈಗ ಎಲ್ಲಿದ್ದಾರೆ?"

ಅವಳು ಬಗ್ಗಿ ಅಪ್ಪನ ಚಪ್ಪಲಿಗಳನ್ನು ಹತ್ತಿರಕ್ಕೆಳೆದು ಒಂದೊಂದಾಗಿ ಕಾಲಿಗೆ ತೊಡಿಸಿದಳು.

"ಹುಡುಕ್ತಾ ಇದೀನಿ," ಎಂದಳು.