ಹನ್ನೊಂದು ಬಟ್ಟೆ ಎಂದವಳು

ಅಂದು ಬೆಳಿಗ್ಗೆ ಹಾಲು ಕಾಯಿಸಿದೆ, ಅಂಗಳ ಗುಡಿಸಿದೆ, ರಾಗಿ ಮಿಲ್ಲಿಗೆ ಕಳಿಸಿದೆ, ಬಾಣಂತಿಗೆ ಮೆಣಸಿನ ಸಾರು ಮಾಡಿದೆ, ಮಗುವಿಗೆ ಎಣ್ಣೆ ಒತ್ತಿ ನೀರೆರೆದೆ. ನಡುನಡುವೆ ಬಟ್ಟೆ ಒಗೆದೆ. ಇಷ್ಟನ್ನೂ ಯಾಕೆ ಬರೆಯುತ್ತಿದ್ದೇನೆಂದರೆ, ಕೆಲಸ ಬಿಟ್ಟು ಏನೇನನ್ನೋ ಕಾಣುವ ಹೆಂಗಸು ನಾನಲ್ಲ. ಸತ್ತವರು ಬಾಗಿಲಲ್ಲಿ ನಿಂತಿದ್ದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು. ಇದನ್ನು ನಂಬಿ ಎಂದು ನಿಮಗೂ ಹೇಳುವುದಿಲ್ಲ.

ಮನೆಗೊಂದು ಮೊಬೈಲು ಬಂದಿದ್ದ ಕಾಲ. ಗುಬ್ಬಿಯ ನಮ್ಮ ಮನೆಗೆ ನಾದಿನಿ ರತ್ನ ಹೆರಿಗೆಗೆ ಬಂದಿದ್ದಳು. ಹೆಣ್ಣು ಮಗು. ಆಸ್ಪತ್ರೆಯಿಂದ ಮನೆಗೆ ಬಂದು ಆರನೆಯ ದಿನ, ಬೆಳಗಿನ ಜಾವದಿಂದ ರಕ್ತ ಹೋಗಲು ಶುರುವಾಯಿತು.

"ಕೆಟ್ಟ ರಕ್ತ ಕಣೇ, ಹೋಗ್ಲಿ ಬುಡು. ಒಳಗೇ ನಿಂತ್ರೆ ಕಷ್ಟ" ಎಂದರು ಅತ್ತೆ.

ನಮ್ಮಲ್ಲಿ ಬಾಣಂತಿಯ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು. ಬದಲಾಯಿಸಿದ ಕೂಡಲೇ ಹಿತ್ತಿಲಲ್ಲಿ ಒಗೆದು ಕೊಟ್ಟಿಗೆಯೊಳಗೆ ಒಣಹಾಕಬೇಕು. ಹಾಗೇ ಮಾಡಿದೆ. ಹಳೇ ಸೀರೆ ಹರಿದ ತುಂಡುಗಳು, ಮಧ್ಯಾಹ್ನದೊಳಗೆ ಹನ್ನೊಂದು. ಒಗೆದವಳೂ ನಾನೊಬ್ಬಳೇ, ಎಣಿಸಿದವಳೂ ನಾನೊಬ್ಬಳೇ. ರತ್ನನ ತುಟಿ ಬಿಳುಚಿಕೊಂಡು, "ಅತ್ತಿಗೇ, ಗೋಡೆ ತಿರುಗ್ತೈತೆ" ಎಂದ ಮೇಲೆ ಕಾರು ಮಾಡಿಕೊಂಡು ತುಮಕೂರಿಗೆ ಹೊರಟೆವು. ಮಗು ನನ್ನ ಮಡಿಲಲ್ಲಿತ್ತು.

ಡಾಕ್ಟರಮ್ಮ ಮೊದಲು ಕೇಳಿದ್ದೇ ಅದು: "ಬೆಳಿಗ್ಗೆಯಿಂದ ಎಷ್ಟು ಬಟ್ಟೆ ನೆಂದಿದೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾಕೈದು ಇರ್ಬೋದು ಕಣಮ್ಮ, ಎಲ್ಲಾ ಬಾಣಂತೀರಿಗೂ ಹೋಗಂಗೇಯ" ಎಂದು ನನ್ನ ಕಡೆ ತಿರುಗಿದರು. "ಅಲ್ವೇನೇ?"

ನಾನು ತಲೆಯಾಡಿಸಿದೆ. ಹದಿನೆಂಟು ವರ್ಷ ಆ ಮನೆಯಲ್ಲಿ ಅತ್ತೆಯ ಮಾತಿಗೆ ಆಡಿದ ತಲೆ, ಅಲ್ಲೂ ಆಡಿತು. ತೋರಿಸೋಣವೆಂದರೆ ಬಟ್ಟೆಗಳೂ ಇಲ್ಲ, ನಾನೇ ಕಲೆ ಉಳಿಯದಂತೆ ತಿಕ್ಕಿ ಬಂದಿದ್ದೆ. ಇಂಜೆಕ್ಷನ್ ಕೊಟ್ಟು ಎರಡು ಗಂಟೆ ನೋಡೋಣ ಎಂದರು.

ಅರ್ಧ ಗಂಟೆಯೂ ಆಗಿರಲಿಲ್ಲ, ಓಡಾಟ ಶುರುವಾಯಿತು. ಕುಣಿಗಲ್ಲಿನಿಂದ ಆಗಷ್ಟೇ ಬಸ್ಸಿಳಿದು ಬಂದ ರತ್ನನ ಗಂಡನಿಂದ ರುಜು ಹಾಕಿಸಿಕೊಂಡರು. ಗರ್ಭಕೋಶ ತೆಗೆಯುವುದು ಕೊನೆಯ ದಾರಿ. ಅದಕ್ಕೂ ಮೊದಲು ತೊಡೆಯ ಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಪರದೆಯಲ್ಲಿ ನೋಡುತ್ತಾ, ಸೋರುವ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುತ್ತೇವೆ, ಹೊಟ್ಟೆ ಕುಯ್ಯಬೇಕಿಲ್ಲ ಎಂದರು. ಅದನ್ನು ಬಲ್ಲ ಡಾಕ್ಟರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುವವರು. ವಾಪಸು ಹೊರಡಲು ಕಾರಿನಲ್ಲಿ ಕೂತಿದ್ದವರನ್ನು ಇಳಿಸಿ ಕರೆತಂದಿದ್ದರು. ಒಂದೂವರೆ ಗಂಟೆಯಲ್ಲಿ ರಕ್ತ ನಿಂತಿತು. ರತ್ನ ಉಳಿದಳು.

ಆಮೇಲೆ ನರ್ಸು ಬಂದು, "ನಿಮ್ಮ ಕಡೆಯೋರು ಹನ್ನೊಂದು ಬಟ್ಟೆ ಅಂತ ಹೇಳಿದ್ದಕ್ಕೆ ಆಯ್ತು ಕಣ್ರೀ. ಇಲ್ದಿದ್ರೆ ಆ ಡಾಕ್ಟ್ರು ನೆಲಮಂಗಲ ದಾಟಿರೋರು" ಎಂದಳು.

"ಯಾರು ಹೇಳಿದ್ದು?"

"ಯಾರೋ ವಯಸ್ಸಾದೋರು. ಸೆರಗು ಸೊಂಟಕ್ಕೆ ಸಿಗಿಸ್ಕೊಂಡಿದ್ರು. ಕೈಯಿಂದ ನೀರು ತೊಟ್ಟಿಕ್ತಿತ್ತು, ನಾನೇ ನೆಲ ಒರೆಸ್ದೆ."

ನಮ್ಮ ಕಡೆಯ ಹೆಂಗಸರೆಂದರೆ ಅತ್ತೆ ಮತ್ತು ನಾನು. ಅತ್ತೆ ನನ್ನ ಪಕ್ಕದ ಬೆಂಚು ಬಿಟ್ಟು ಎದ್ದಿರಲಿಲ್ಲ. ಬೇರೆ ರೋಗಿಯ ಕಡೆಯವರಿರಬೇಕು ಎಂದುಕೊಂಡೆ. ಆದರೆ ಹನ್ನೊಂದು ಎನ್ನುವುದು ಅವರಿಗೆ ಹೇಗೆ ಗೊತ್ತು? ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಬಂದುಹೋಗುವ ಹೆಂಗಸರ ಕೈ ನೋಡಿದೆ. ಇಂದಿಗೂ ನನಗೆ ತಿಳಿದಿಲ್ಲ.

ಹೇಳಿದವಳು ನಾನೇ ಎಂದು ರತ್ನ ನಂಬಿದ್ದಾಳೆ. "ನೀನಿಲ್ದಿದ್ರೆ ಸತ್ತೋಗಿರ್ತಿದ್ದೆ ಅತ್ತಿಗೆ" ಎನ್ನುತ್ತಾಳೆ, ಹಬ್ಬಕ್ಕೆ ಬಂದಾಗಲೆಲ್ಲ. ಅಲ್ಲ ಎನ್ನಲು ಹೋದರೆ ತಲೆಯಾಡಿಸಿದ್ದನ್ನೂ ಹೇಳಬೇಕಾಗುತ್ತದೆ. ಅವಳ ಎಲೆಗೆ ಇನ್ನಷ್ಟು ಬಡಿಸುತ್ತೇನೆ.

ಅಂದು ಸಂಜೆ ಆಸ್ಪತ್ರೆಗೆ ರತ್ನನ ಗಂಡ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದ. ಅತ್ತೆ ನಾಲ್ಕು ತಿಂದು, ಚಟ್ನಿಗೆ ಉಪ್ಪಿಲ್ಲ ಎಂದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ.